ನೂರಾ ಹದಿನೆಂಟರ ಜೋಡಿ

"ಹಾಸು ಹೊರೋದಕ್ಕೆ ಒಂದು ಕತ್ತೆ ತರಬೇಕು ಅಂತಲೇ ಇದ್ದೆ ಕಣಮ್ಮ. ಕತ್ತೆ ಆದ್ರೆ ಬಾಯಿ ಮುಚ್ಕೊಂಡು ಕೆಲಸ ಮಾಡುತ್ತೆ. ಆದ್ರೆ ಏನ್ಮಾಡೋದು, ಅದು ಮೆಟ್ಟಿಲು ಹತ್ತಲ್ಲ. ಅದಕ್ಕೇ ಇವನನ್ನ ಇಟ್ಕೊಂಡಿದೀನಿ."

ಅಕ್-ಬುಲುಂಗ್ ಮ್ಯೂಸಿಯಂನ ನಿರ್ದೇಶಕ ಸಪರ್ಬೆಕ್ ಈ ಮಾತು ಹೇಳಿದ್ದು, ಮ್ಯೂಸಿಯಂಗಳ ವಸ್ತುಗಳ ಚಿತ್ರ ಕೂಡಿಸಲು ರಾಜಧಾನಿ ಬಿಷ್ಕೆಕ್‌ನಿಂದ ಬಂದಿದ್ದ ಮಹಾಬತ್‌ಗೆ. ನೋಡಿದ್ದು ಮಾತ್ರ ಹೊರೆ ಹೊರುವ ಹುಡುಗ ಎರ್ಮೆಕ್‌ನ ಮುಖವನ್ನು. ಟಿಕೆಟ್ ಹರಿಯುವ ಗುಲ್ಸಾರಾ ಪಕ್ಕೆ ಹಿಡಿದುಕೊಂಡು ನಕ್ಕಳು. ಧೂಳು ಒರೆಸುತ್ತಿದ್ದ ಇಬ್ಬರು ಹೆಂಗಸರು ಬಟ್ಟೆಯಿಂದ ಬಾಯಿ ಮುಚ್ಚಿಕೊಂಡರು. ಮಕ್ಕಳನ್ನು ಕರೆದುಕೊಂಡು ಬಂದಿದ್ದ ಮೇಷ್ಟ್ರು ಮಕ್ಕಳಿಗಿಂತ ಮೊದಲು ನಕ್ಕರು. ಎರ್ಮೆಕ್‌ನ ಎರಡೂ ಕೈಯಲ್ಲಿ ಆಳುದ್ದದ ಉಣ್ಣೆಹಾಸಿನ ಒಂದು ತುದಿ ಇತ್ತು. ಅದನ್ನು ಕೆಳಗೆ ಬಿಟ್ಟು ಮುಷ್ಟಿ ಕಟ್ಟುವಂತಿರಲಿಲ್ಲ, ಹಾಸು ಅಷ್ಟು ಹಳೆಯದು. ಕಿವಿ ಕೆಂಪಗಾಗುವುದೊಂದೇ ಅವನಿಗೆ ಉಳಿದ ದಾರಿ.

ಇಷ್ಟಕ್ಕೂ ಅವನು ಆಡಿದ್ದು ಎರಡೇ ಮಾತು. ಗೋಡೆಯ ಮೇಲಿನ ದೊಡ್ಡ ಶಿರ್ದಾಕ್ ಹಾಸಿನ ಕೆಳಗೆ ಬಗ್ಗಿ ಮಹಾಬತ್ ಚೀಟಿ ಓದಿದ್ದಳು: "ಸಂಖ್ಯೆ ನೂರಾ ಹದಿನೆಂಟು. ಸಾವಿರದ ಒಂಬೈನೂರ ಅರವತ್ತೊಂದು. ಮಾಡಿದವರು ಕಲಿಪಾ." ಅದಕ್ಕೆ ಎರ್ಮೆಕ್, "ಅದು ಸುಳ್ಳು" ಅಂದಿದ್ದ.

ನಾಲ್ಕು ವರ್ಷದ ಹಿಂದೆ ತೀರಿಕೊಂಡ ಕಲಿಪಾ ಸಪರ್ಬೆಕ್‌ನ ಅತ್ತೆ, ಹೆಂಡತಿಯ ತಾಯಿ. ಅವಳ ಹಾಸಿನ ಮೇಲಿನ ಟಗರಿನ ಕೊಂಬಿನಂಥ ಕಪ್ಪು ಚಿತ್ತಾರಗಳನ್ನು ನೋಡಲು ಹಿಂದೆ ದೊಡ್ಡ ಊರುಗಳಿಂದ ಜನ ಬರುತ್ತಿದ್ದರಂತೆ. ಎರ್ಮೆಕ್‌ನ ಅಜ್ಜಿ ಝೂರಾ ಮಾತ್ರ, ಅವನಿಗೆ ಬುದ್ಧಿ ತಿಳಿದಾಗಿನಿಂದ ಒಂದೇ ಮಾತು ಹೇಳುತ್ತಿದ್ದಳು: ಗೋಡೆ ಮೇಲೆ ನೇತು ಹಾಕಿದ್ದಾರಲ್ಲ, ಅದು ನನ್ನದು.

ಎಂಟನೇ ಕ್ಲಾಸಿನಲ್ಲಿ ಮೇಷ್ಟ್ರು ಇದೇ ಕೋಣೆಗೆ ಮಕ್ಕಳನ್ನು ಕರೆತಂದಿದ್ದಾಗ ಎರ್ಮೆಕ್ ಅದನ್ನು ಎದೆಯುಬ್ಬಿಸಿ ಹೇಳಿದ್ದ. ಸಪರ್ಬೆಕ್‌ನ ಮಗ ಅಜಾಮತ್ ಅದೇ ಕ್ಲಾಸು. "ಥೂ, ಸುಳ್ಳ. ಅದು ನಮ್ಮಜ್ಜಿದು" ಅಂದ. ಎರ್ಮೆಕ್ ಅವನ ಮುಂದಿನ ಹಲ್ಲು ಮುರಿದ. ಕ್ಷಮೆ ಕೇಳು ಅಂದರು, ಕೇಳಲಿಲ್ಲ. ಸುಳ್ಳು ಹೇಳಿದೆ ಅಂತ ಒಪ್ಕೋ ಅಂದರು. ಅವನು ಪುಸ್ತಕದ ಚೀಲವನ್ನು ಹೊಳೆಗೆ ಎಸೆದು ಮನೆಗೆ ಬಂದ. ಮತ್ತೆ ಶಾಲೆಯ ಮುಖ ನೋಡಲಿಲ್ಲ. ಕುರಿ ಕಾದ, ಲಾರಿಗೆ ಕಲ್ಲಿದ್ದಲು ತುಂಬಿದ, ಕೊನೆಗೆ ಇಲ್ಲಿಗೇ ಹೊರೆ ಹೊರಲು ಸೇರಿದ. ಬೇರೆಲ್ಲೂ ಕೆಲಸ ಸಿಗದೆ ಇಲ್ಲಿಗೆ ಬಂದ ಅಂತ ಊರು ತಿಳಿದಿತ್ತು. ಅವನು ಬಂದದ್ದು ಆ ಚೀಟಿಯನ್ನು ದಿನಾ ಕಣ್ಣಲ್ಲಿ ಸುಡುವುದಕ್ಕೆ.

"ಸುಳ್ಳು ಅಂತ ಹೇಗೆ ಹೇಳ್ತೀಯಪ್ಪ?" ಮಹಾಬತ್ ಕೇಳಿದಳು. ಅವಳು ನಕ್ಕಿರಲಿಲ್ಲ.

"ಅದರ ಜೋಡಿ ನಮ್ಮನೇಲಿದೆ."

ಈಗ ಗುಲ್ಸಾರಾಳ ನಗು ನಿಂತಿತು. ಶಿರ್ದಾಕ್‌ಗೆ ಯಾವಾಗಲೂ ಜೋಡಿ ಇರುತ್ತದೆ. ಎರಡು ಬಣ್ಣದ ಉಣ್ಣೆಹಾಸುಗಳನ್ನು ಒಂದರ ಮೇಲೊಂದು ಹಾಕಿ, ಒಂದೇ ಚಾಕುವಿನಿಂದ ಎರಡನ್ನೂ ಒಟ್ಟಿಗೆ ಕೊಯ್ಯುತ್ತಾರೆ. ಕೆಂಪಿನಿಂದ ಬಂದ ಕೊಂಬು ಕಪ್ಪಿನ ಕುಳಿಯಲ್ಲಿ ಕೂರುತ್ತದೆ, ಕಪ್ಪಿನ ಕೊಂಬು ಕೆಂಪಿನ ಕುಳಿಯಲ್ಲಿ. ಒಂದು ಚೂರೂ ಹಾಳಾಗದೆ ಎರಡು ಹಾಸು ಹುಟ್ಟುತ್ತವೆ. ಇದು ಊರಿನ ಕೂಸಿಗೂ ಗೊತ್ತು.

"ಅದರ ಜೋಡಿ ಹೊಳೆ ಪಾಲಾಗಿ ಅರವತ್ತು ವರ್ಷ ಆಯ್ತು," ಅಂದ ಸಪರ್ಬೆಕ್. "ಬೇಸಿಗೆ ಹುಲ್ಲುಗಾವಲಿಗೆ ಹೋಗೋವಾಗ ಕುದುರೆ ಸಮೇತ ಕೊಚ್ಕೊಂಡು ಹೋಯ್ತು. ನಮ್ಮತ್ತೆ ಬಾಯಿಂದಲೇ ಕೇಳಿದೀನಿ."

"ಹಾಗಾದ್ರೆ ನಮ್ಮನೇಲಿರೋದು ದೆವ್ವನಾ ಬೈಕೆ?" ಅಣ್ಣ ಅನ್ನುವ ಮರ್ಯಾದೆಯನ್ನು ಮಾತ್ರ ಎರ್ಮೆಕ್ ಬಿಡಲಿಲ್ಲ.

"ಹಳೇ ಚಿಂದಿ ಇರಬೇಕು. ತಗೊಂಡು ಬಾರೋ, ನೋಡೇ ಬಿಡೋಣ. ಈಯಮ್ಮನ ಯಂತ್ರ ಇದೆಯಲ್ಲ, ಅದೇ ಹೇಳಲಿ. ಅದೇನಾದ್ರೂ ನೂರಾ ಹದಿನೆಂಟರ ಜೋಡಿ ಆಗಿದ್ರೆ, ನೀನು ಹೇಳಿದ ಹೆಸರನ್ನ ನನ್ನ ಕೈಯಾರೆ ಚೀಟಿ ಮೇಲೆ ಬರೀತೀನಿ. ಎಲ್ಲರೂ ಕೇಳಿಸ್ಕೊಂಡ್ರಾ?"

ಎಲ್ಲರೂ ಕೇಳಿಸಿಕೊಂಡರು.

ಮಹಾಬತ್‌ಳ ಯಂತ್ರ ಎರ್ಮೆಕ್‌ಗೆ ಮೊದಲ ದಿನವೇ ಹಿಡಿಸಿತ್ತು. ಎಪ್ಪತ್ತು ಮ್ಯೂಸಿಯಂಗಳ ಹಾಸು, ಜೀನು, ಮಡಕೆ, ಒಡವೆ, ಹಳೆಯ ಫೋಟೋ, ಎಲ್ಲದರ ಚಿತ್ರಗಳೂ ಅವಳ ಕಂಪ್ಯೂಟರಿನೊಳಗಿದ್ದವು. ಒಂದು ಚಿತ್ರ ತೋರಿಸಿದರೆ ಅದು ಹೆಸರು ಕೇಳುತ್ತಿರಲಿಲ್ಲ, ಊರು ಕೇಳುತ್ತಿರಲಿಲ್ಲ, ಎಷ್ಟನೇ ಕ್ಲಾಸು ಓದಿದ್ದೀಯಾ ಅಂತಲೂ ಕೇಳುತ್ತಿರಲಿಲ್ಲ. ಸುಮ್ಮನೆ ನೋಡುತ್ತಿತ್ತು, ನೋಡಿ, ಅದನ್ನು ಹೋಲುವ ಚಿತ್ರಗಳನ್ನು ಸಾಲಾಗಿ ತಂದು ನಿಲ್ಲಿಸುತ್ತಿತ್ತು. ಚೀಟಿ ಓದದೆ ಬರಿಯ ಕಣ್ಣಿನಿಂದ ತೀರ್ಪು ಹೇಳುವ ಮೊದಲ ಅಧಿಕಾರಿಯನ್ನು ಅವನು ಕಂಡಂತಾಗಿತ್ತು.

ಮಾರನೆಯ ಬೆಳಿಗ್ಗೆ ಝೂರಾ ಹಾಲು ಕರೆಯಲು ಹೋದದ್ದೇ ತಡ, ಅವನು ಅವಳು ಕೂರುವ ಹಾಸನ್ನು ಸುರುಳಿ ಸುತ್ತಿ ಹೆಗಲಿಗೇರಿಸಿ ಹೊರಟ.

ಕೋಣೆಯ ನಡುವೆ ಬಿಚ್ಚಿದಾಗ ಸಪರ್ಬೆಕ್ ಮೂಗು ಹಿಡಿದುಕೊಂಡ. ಅರವತ್ತು ವರ್ಷದ ಚಹಾ, ಎಣ್ಣೆ, ಕುರಿಮರಿಗಳ ಉಚ್ಚೆ, ಎಲ್ಲವನ್ನೂ ಕುಡಿದ ಹಾಸು ಅದು. ಅದರ ಕೆಂಪು ಮಾಸಿ ಇಟ್ಟಿಗೆಯ ಬಣ್ಣಕ್ಕೆ ಇಳಿದಿತ್ತು, ಕಪ್ಪು ಕಂದಾಗಿತ್ತು. ಗೋಡೆಯ ಮೇಲಿನದೋ, ಬಿಸಿಲು ಕಾಣದೆ ನಿನ್ನೆ ಹೊಲಿದಂತಿತ್ತು. ಎರ್ಮೆಕ್ ಒಮ್ಮೆ ಅದನ್ನು, ಒಮ್ಮೆ ಇದನ್ನು ನೋಡಿದ. ಮನೆಯಲ್ಲಿ ಕಣ್ಣು ಮುಚ್ಚಿಕೊಂಡು ನೆನೆದಾಗ ಎರಡೂ ಒಂದೇ ಇದ್ದವು. ಇಲ್ಲಿ ಎದುರುಬದುರು ಇಟ್ಟರೆ ಒಂದಕ್ಕೊಂದು ಗುರುತೇ ಹೇಳುತ್ತಿಲ್ಲ.

ಮಹಾಬತ್ ಏಣಿ ಹತ್ತಿ ಮೇಲಿನಿಂದ ಫೋಟೋ ತೆಗೆದಳು. ಯಂತ್ರ ನೋಡಿತು. ಎಲ್ಲರೂ ಅವಳ ಬೆನ್ನ ಹಿಂದೆ ಸೇರಿದರು.

ಮೊದಲು ಬಂದದ್ದು ಯಾವುದೋ ತುರ್ಕಮೆನ್ ಒಂಟೆಯ ಚೀಲ. ಎರಡನೆಯದು ಒಂದು ಹಳೆಯ ಹೆಂಚು. ಮೂರನೆಯದು ಆಮೆಯ ಚಿಪ್ಪು.

"ಅಯ್ಯೋ ಎರ್ಮೆಕ್," ಗುಲ್ಸಾರಾ ಕಣ್ಣೊರೆಸಿಕೊಂಡಳು, "ನಿಮ್ಮಜ್ಜಿ ಆಮೆ ಮೇಲೆ ಕೂತು ಚಹಾ ಕುಡೀತಿದ್ರಾ ಇಷ್ಟು ದಿನ?"

"ಅದಕ್ಕೇ ಕಣೇ ಇವರ ಮನೆಗೆ ಯಾವ ಸುದ್ದಿನೂ ಬೇಗ ಮುಟ್ಟಲ್ಲ," ಅಂದ ಸಪರ್ಬೆಕ್. "ಸರಿ, ಸುತ್ತು ನಿನ್ನ ಆಮೆನ."

ಎರ್ಮೆಕ್ ಸುತ್ತಲಿಲ್ಲ. ಮೊಣಕಾಲೂರಿ ಪರದೆಯ ಹತ್ತಿರ ಮುಖ ತಂದ. ಒಂಟೆಯ ಚೀಲ ಕಂದು. ಹೆಂಚು ಕಂದು. ಆಮೆಯೂ ಕಂದು. ಯಂತ್ರದ ಮೇಲಿದ್ದ ನಂಬಿಕೆ ಹೋಗಿ ಅದರ ಮೇಲೂ ಸಿಟ್ಟು ಬಂತು. ಇಷ್ಟು ದೊಡ್ಡ ಕಣ್ಣಿಟ್ಟುಕೊಂಡು ಇದೂ ಊರಿನವರ ಹಾಗೆ ಕೊಳೆಯನ್ನೇ ನೋಡಿದೆಯಲ್ಲ!

"ಎಜೆ, ಇದಕ್ಕೆ ಬಣ್ಣ ಮಾತ್ರ ಕಾಣ್ತಿದೆ," ಅಂದ, ಮಹಾಬತ್‌ಳನ್ನು ಅಕ್ಕ ಅಂತ ಕರೆದು. "ಜೋಡಿಲಿ ಬಣ್ಣ ಯಾವತ್ತೂ ಒಂದೇ ಇರಲ್ಲ, ತಿರುಗಿರುತ್ತೆ. ಅದರಲ್ಲಿ ಕೆಂಪಿದ್ದ ಕಡೆ ಇದರಲ್ಲಿ ಕಪ್ಪು. ಬಣ್ಣ ತೆಗೆದುಬಿಡಿ. ಚಾಕು ಓಡಿದ ಗೆರೆ ಮಾತ್ರ ಬಿಡಿ. ಅದಕ್ಕಾಗುತ್ತಾ?"

ಮಹಾಬತ್ ಅವನ ಕಡೆ ತಿರುಗಿದಳು. "ಮೂರು ಊರು ಸುತ್ತಿ ಬಂದೆ. ಇದನ್ನ ಯಾರೂ ಹೇಳಲಿಲ್ಲ ನೋಡು," ಅಂದಳು.

ಕೀಲಿಗಳನ್ನು ಒತ್ತಿದಳು. ಹಾಸಿನ ಬಣ್ಣ ಬತ್ತಿ ಹೋಗಿ, ಎಲುಬಿನಂತೆ ಗೆರೆಗಳಷ್ಟೇ ಉಳಿದವು. ಯಂತ್ರ ಮತ್ತೆ ಹುಡುಕಿತು. ಈ ಸಲ ಸಾಲಿನ ಮೊದಲಿಗೆ ಬಂದದ್ದು ಇದೇ ಕೋಣೆಯ ಗೋಡೆ: ನೂರಾ ಹದಿನೆಂಟು.

ಮಹಾಬತ್ ಎರಡು ಚಿತ್ರಗಳನ್ನು ಒಂದರ ಮೇಲೊಂದು ಜಾರಿಸಿದಳು. ಗೆರೆ ಗೆರೆಗೆ ಕೂಡಿತು. ಎಡಗಡೆಯ ಮೂರನೇ ಕೊಂಬಿನ ತುದಿಯಲ್ಲಿ, ಇಲಿ ಕಚ್ಚಿದಷ್ಟು ಸಣ್ಣ ಗಾಯ. ಚಾಕು ಜಾರಿದ ಗುರುತು. ಅದರಲ್ಲೂ ಇತ್ತು, ಇದರಲ್ಲೂ ಇತ್ತು.

"ಒಂದೇ ದಿನ, ಒಂದೇ ಚಾಕು," ಅಂದಳು ಮಹಾಬತ್.

ಎರ್ಮೆಕ್‌ಗೆ ಕುಣಿಯಬೇಕೆನಿಸಿತು. ಎದ್ದು ನಿಂತು ಸಪರ್ಬೆಕ್‌ನ ಕಡೆ ತಿರುಗಿದ. ಸಪರ್ಬೆಕ್‌ನ ಮುಖ ಬಿಳಿಚಿತ್ತು. ಅವನು ನೋಡುತ್ತಿದ್ದದ್ದು ಎರ್ಮೆಕ್‌ನನ್ನಲ್ಲ. "ಹೊಳೆ ಪಾಲಾಯ್ತು ಅಂದಿದ್ರಲ್ಲ ಅತ್ತೆ," ಅಂತ ತನ್ನಷ್ಟಕ್ಕೇ ಅಂದುಕೊಂಡ. "ನನ್ನ ಹತ್ರ ಯಾಕೆ ಹಾಗಂದ್ರು?"

"ತಾಳಿ, ಇನ್ನೊಂದು ಇದೆ," ಅಂದಳು ಮಹಾಬತ್.

ಸಾಲಿನಲ್ಲಿ ಎರಡನೆಯದಾಗಿ ಬಂದದ್ದು ಹಾಸಲ್ಲ, ರಾಜಧಾನಿಯ ಯಾವುದೋ ಸಂಗ್ರಹದ ಕಪ್ಪು ಬಿಳುಪು ಫೋಟೋ. ಇಬ್ಬರು ಹುಡುಗಿಯರು ಒಂದೇ ಹಾಸಿನ ಅಂಚಿನಲ್ಲಿ ಪಕ್ಕಪಕ್ಕ ಕೂತು ಹೊಲಿಯುತ್ತಿದ್ದಾರೆ, ಭುಜಕ್ಕೆ ಭುಜ ತಾಕುವಷ್ಟು ಹತ್ತಿರ ವಾಲಿ ಯಾವುದಕ್ಕೋ ನಗುತ್ತಿದ್ದಾರೆ. ಅವರ ಮುಂದೆ ಅದೇ ಗಾಯದ ಕೊಂಬು. ಕೆಳಗೆ ಬರೆದಿತ್ತು: "ಕುಶಲಗಾರ್ತಿ ಕಲಿಪಾ, ಸಹಾಯಕಿಯೊಂದಿಗೆ."

ಸಹಾಯಕಿ ಹಲ್ಲಿನಲ್ಲಿ ದಾರ ಕಚ್ಚಿಕೊಂಡಿದ್ದಳು, ಎಡಗಡೆಯ ಕೋರೆಹಲ್ಲಿನಲ್ಲಿ. ಇವತ್ತಿಗೂ ಝೂರಾ ದಾರ ಕಚ್ಚುವುದು ಹಾಗೆಯೇ, ಆ ಒಂದು ಹಲ್ಲು ಉಳಿದಿರುವುದರಿಂದ.

"ಸಹಾಯಕಿ ಅಂತೆ," ಅಂದ ಎರ್ಮೆಕ್. ಅವನ ದನಿ ಅವನಿಗೇ ಬೇರೆಯಾಗಿ ಕೇಳಿತು. ಕಲಿಪಾಳ ಹೆಸರೆತ್ತಿದರೆ ಉಗಿಯುವ ಅಜ್ಜಿಯನ್ನು ಅವನು ಬಲ್ಲ. ಕಲಿಪಾಳ ಭುಜಕ್ಕೊರಗಿ ನಗುವ ಈ ಹುಡುಗಿ ಯಾರು? "ಇವರು ಹೊಲೀತಿರೋದು ಯಾವ ಹಾಸು ಎಜೆ? ಗೋಡೆ ಮೇಲಿಂದಾ, ನಮ್ಮದಾ?"

ಮಹಾಬತ್ ಬಹಳ ಹೊತ್ತು ನೋಡಿ ತಲೆಯಾಡಿಸಿದಳು. "ಹೇಳೋಕಾಗಲ್ಲ. ಈ ಫೋಟೋದಲ್ಲಿ ಕೆಂಪೂ ಬೂದಿ, ಕಪ್ಪೂ ಬೂದಿ. ಕೊಂಬು ಯಾವುದು ನೆಲ ಯಾವುದು ಅಂತ ಯಂತ್ರಕ್ಕೂ ಗೊತ್ತಾಗಲ್ಲ."

"ಬೈಕೆ, ಮಾತು ಕೊಟ್ಟಿದ್ರಿ," ಗುಲ್ಸಾರಾ ಮೆಲ್ಲಗೆ ನೆನಪಿಸಿದಳು.

"ಕೊಟ್ಟ ಮಾತು ನನಗೂ ನೆನಪಿದೆ ಕಣೇ," ಸಿಡುಕಿದ ಸಪರ್ಬೆಕ್. ಜೇಬಿನಿಂದ ಪೆನ್ನು ತೆಗೆದು, ಮತ್ತೆ ಒಳಗಿಟ್ಟ. "ಬರೀತೀನಿ. ಆದ್ರೆ ನಿಮ್ಮಜ್ಜಿ, ಝೂರಾ ಎನೆ, ಬದುಕಿದಾರಲ್ಲ, ಹೋಗಿ ಕೇಳ್ಕೊಂಡು ಬಾ. ಅವರೇನಂತಾರೋ ಅದನ್ನೇ ಬರೀತೀನಿ. ಒಬ್ಬರದೇ ಹೆಸರು ಅಂದ್ರೆ ಒಬ್ಬರದೇ."

ಎರ್ಮೆಕ್ ಮನೆಗೆ ಬಂದಾಗ ಝೂರಾ ಬರಿಯ ನೆಲದ ಮೇಲೆ ಕೂತಿದ್ದಳು. ಪಕ್ಕದಲ್ಲೇ ಇನ್ನೆರಡು ಹಾಸುಗಳಿದ್ದವು; ಅವುಗಳ ಮೇಲೆ ಕೂರುವ ಮನಸ್ಸಿರಲಿಲ್ಲ.

"ಬಂದ ನೋಡು ಕಳ್ಳ. ಎಂಬತ್ನಾಲ್ಕು ವರ್ಷದ ಮುದುಕಿ ಕುಂಡಿ ಕೆಳಗಿಂದ ಹಾಸು ಎಳ್ಕೊಂಡು ಹೋದ ಕಳ್ಳ."

"ನೀನು ಹಾಲು ಕರೆಯೋಕೆ ಹೋಗಿದ್ದೆ, ಅಪಾ," ಅಂದ ಎರ್ಮೆಕ್ ಅಜ್ಜಿಗೆ.

"ಕುಂಡಿ ಇಲ್ಲದಾಗ ಎಳೆದ. ಇನ್ನೂ ನಾಚಿಕೆಗೇಡು."

ಅವನು ಎದುರು ಕೂತು ಫೋನು ಚಾಚಿದ. ಮಹಾಬತ್ ಆ ಹಳೆಯ ಚಿತ್ರವನ್ನು ಅದರಲ್ಲಿ ಹಾಕಿ ಕೊಟ್ಟಿದ್ದಳು. ಝೂರಾ ಅದನ್ನು ದೂರ ಹಿಡಿದಳು, ಹತ್ತಿರ ಹಿಡಿದಳು, ಬೆಳಕಿಗೆ ತಿರುಗಿಸಿದಳು. ತನ್ನ ಮುಖದ ಮೇಲೆ ಅವಳ ಕಣ್ಣು ನಿಲ್ಲಲೇ ಇಲ್ಲ.

"ಕೆನ್ನೆ ನೋಡು ಇವಳದು, ಎಣ್ಣೇಲಿ ಕರಿದ ಬೂರ್ಸೊಕ್ ಥರ," ಅಂದಳು. "ಆ ಕಿವಿಯೋಲೆ ನನ್ನದು. ಫೋಟೋದವನು ಬರ್ತಾನೆ ಕೊಡೇ ಅಂತ ಇಸ್ಕೊಂಡಳು."

"ಅಪಾ, ಇದು ಯಾವ ಹಾಸು?"

"ಎರಡೂ."

"ಇಲ್ಲಿ ಕಾಣ್ತಿರೋದು ಒಂದೇ."

"ಕಾಣೋದು ಒಂದು ಕಣೋ. ಕೆಂಪು ಉಣ್ಣೆ ನಮ್ಮ ಕುರೀದು, ಕಪ್ಪು ಅವಳ ಮನೇದು. ಎರಡನ್ನೂ ಒಂದರ ಮೇಲೊಂದು ಹಾಕಿ ಕೊಯ್ದ್ವಿ. ನನ್ನ ಕೊಂಬು ಅವಳ ಹಾಸಿನ ಹೊಟ್ಟೆಗೆ ಹೋಯ್ತು, ಅವಳ ಕೊಂಬು ನನ್ನದರ ಹೊಟ್ಟೆಗೆ ಬಂತು. ಒಂದು ದಿನ ಅವಳ ಗುಡಾರದಲ್ಲಿ ಹೊಲಿಯೋದು, ಒಂದು ದಿನ ನಮ್ಮದರಲ್ಲಿ. ಮುಗಿದ ಮೇಲೆ ಕುರಿ ಮೂಳೇನ ದಾಳದ ಹಾಗೆ ಎಸೆದು, ನಿನಗ್ಯಾವುದು ನನಗ್ಯಾವುದು ಅಂತ ಹಂಚ್ಕೊಂಡ್ವಿ."

"ಚಾಕು ಹಿಡಿದಿದ್ದು ಯಾರು? ಆ ಮೂರನೇ ಕೊಂಬಿನ ಗಾಯ ಮಾಡಿದ್ದು ಯಾರು?"

"ಎರಡು ಪದರ ಒಬ್ಬಳು ಕೊಯ್ಯೋಕಾಗುತ್ತಾ? ಒಬ್ಬಳು ಒತ್ತಿ ಹಿಡೀಬೇಕು, ಒಬ್ಬಳು ಎಳೀಬೇಕು, ಕೈ ಸೋತರೆ ಬದಲಾಯಿಸ್ಬೇಕು. ಇವಳೇನೋ ಅಂದಳು, ನಗು ಬಂತು, ಚಾಕು ಜಾರಿತು. ಯಾರ ಕೈಲಿತ್ತೋ. ಅವಳು ನಂದೇ ತಪ್ಪು ಅಂದಳು, ನಾನು ನಂದೇ ಅಂದೆ."

ಎರ್ಮೆಕ್‌ನ ತಲೆಯೊಳಗೆ ಯಾರೋ ಹಾಸು ಕೊಡವಿದಂತಾಯಿತು. "ಮತ್ತೆ ಯಾಕೆ ನನ್ನದು ನನ್ನದು ಅಂತಿದ್ದೆ? ನನಗೆ ಬುದ್ಧಿ ಬಂದಾಗಿಂದ ಅದೊಂದೇ ಮಾತು ಕೇಳಿದೀನಿ!"

"ನನ್ನದೇ ಅದು."

"ಮನೇಲಿರೋದು?"

"ಅದೂ ನನ್ನದೇ."

"ಹಾಗಾದ್ರೆ ಕಲಿಪಾದು ಯಾವುದು?"

"ಎರಡೂ ಅವಳದೂ ಹೌದು. ನನ್ನದು ಅಂದೆ, ನಿಜ. ಅವಳದಲ್ಲ ಅಂತ ಯಾವತ್ತಾದ್ರೂ ಅಂದ್ನಾ?"

ಅಂದಿದ್ದಳು. ಎರ್ಮೆಕ್‌ಗೆ ಅಂದಂತೆಯೇ ನೆನಪು. ಅಥವಾ ಅಂದಿರಲಿಲ್ಲವೇ? ಒಲೆಯ ಮುಂದೆ ಕೂತು ಹೇಳುತ್ತಿದ್ದಳಲ್ಲ: ನನ್ನ ಹಾಸು, ಅವಳ ಹೆಸರು. ಅದರ ಅರ್ಥ ಬೇರೇನಿರಲು ಸಾಧ್ಯ? ಅವನು ಆ ಮಾತುಗಳನ್ನು ಹಿಂದಕ್ಕೆ, ಮುಂದಕ್ಕೆ ಸರಿಸಿ ನೋಡಿದ. ಬೂದಿ ಬಣ್ಣದ ಫೋಟೋದ ಹಾಗೆ, ಕೊಂಬು ಯಾವುದು ನೆಲ ಯಾವುದು ಅಂತ ತಿಳಿಯಲಿಲ್ಲ.

"ಆ ಫೋಟೋದವನು ಪೇಪರಲ್ಲಿ ಸಹಾಯಕಿ ಅಂತ ಬರೆದ," ಝೂರಾ ಫೋನನ್ನು ಮಡಿಲಲ್ಲಿ ಕವುಚಿ ಇಟ್ಟಳು. "ನಮಗಿಬ್ಬರಿಗೂ ರಷ್ಯನ್ ಓದೋಕ್ ಬರ್ತಿರಲಿಲ್ಲ. ಎರಡು ತಿಂಗಳಾದ ಮೇಲೆ ಮೇಷ್ಟ್ರು ಓದಿ ಹೇಳಿದ್ರು. ಹೋಗಿ ಸರಿ ಮಾಡಿಸೇ ಅಂದೆ. ಅಚ್ಚಾಗಿ ಹೋಗಿದೆ, ಯಾರನ್ನ ಕೇಳಲಿ ಅಂದಳು. ಆಮೇಲೆ ಅವಳ ಹೆಸರಿಗೆ ಬಹುಮಾನ ಬಂತು. ಜೋಡಿ ಎಲ್ಲಿ ಅಂತ ಜನ ಕೇಳಿದ್ರೆ ಹೊಳೆ ಪಾಲಾಯ್ತು ಅಂದಳಂತೆ. ಹೊಳೆಗೆ ಹಾಕಿದ್ದು ಹಾಸನ್ನಲ್ಲ, ನನ್ನನ್ನ."

"ಅದಕ್ಕೇ ಅವಳು ಸತ್ತಾಗಲೂ ನೀನು ಹೋಗಲಿಲ್ಲ."

"ಹೋಗಿದ್ದೆ. ಹೆಣ ಇಟ್ಟಿದ್ದ ಗುಡಾರದ ಹಿಂದೆ ನಿಂತು ಅತ್ತು ಬಂದೆ. ನಿನಗೆ ಹೇಳಿಲ್ಲ, ಹೇಳಿದ್ರೆ ನೀನು ಮತ್ಯಾರ ಹಲ್ಲು ಮುರೀತಿದ್ಯೋ ಏನೋ." ಅವಳು ಕೈ ಬೀಸಿದಳು. "ಹೋಗು. ಅವರಿಗೆ ಏನು ಬೇಕಾದ್ರೂ ಹೇಳ್ಕೋ. ಕತ್ತಲಾಗೋದ್ರೊಳಗೆ ನನ್ನ ಹಾಸು ತಂದು ಹಾಕು, ಸೊಂಟ ಸೆಟೆದು ಹೋಯ್ತು."

ದಾರಿಯುದ್ದಕ್ಕೂ ಎರ್ಮೆಕ್ ಒಂದು ಮಾತನ್ನೇ ಬಾಯಿಗೆ ಹಾಕಿಕೊಂಡು ಒಣಮೊಸರಿನ ಉಂಡೆ ಕುರುತ್‌ನಂತೆ ಚೀಪಿದ: ಝೂರಾ. ಅಷ್ಟು ಅಂದರೆ ಮುಗಿಯಿತು. ಸಪರ್ಬೆಕ್ ಬರೆಯುತ್ತಾನೆ, ಈ ಒಂಬತ್ತು ವರ್ಷ ಕುರಿ ಕಾದದ್ದು, ಕಲ್ಲಿದ್ದಲು ತುಂಬಿದ್ದು, ಕತ್ತೆ ಅನ್ನಿಸಿಕೊಂಡದ್ದು, ಎಲ್ಲದಕ್ಕೂ ಒಂದು ಬೆಲೆ ಬರುತ್ತದೆ. ಸುಳ್ಳೂ ಅಲ್ಲ, ಅದು ಅವಳದೇ. ಇನ್ನೊಬ್ಬಳನ್ನು ಬಿಟ್ಟರೆ ಆಯಿತು, ಅವರು ಬಿಟ್ಟ ಹಾಗೆಯೇ. ಸೇತುವೆಯ ಹತ್ತಿರ ಹೇಳಿಯೇ ಬಿಡಬೇಕೆಂದು ಗಟ್ಟಿಮಾಡಿಕೊಂಡ. ಮ್ಯೂಸಿಯಂನ ಗೇಟಿನ ಹತ್ತಿರ ಬರುವಷ್ಟರಲ್ಲಿ, ಹಾಗೆ ಹೇಳಿದರೆ ತಾನು ಯಾರ ಹಾಗಾಗುತ್ತೇನೆ ಅನ್ನುವುದು ಹೊಳೆದು ನಡಿಗೆ ನಿಧಾನವಾಯಿತು.

ಒಳಗೆ ಯಾರೂ ಕದಲಿರಲಿಲ್ಲ. ಸಪರ್ಬೆಕ್‌ನ ಮುಂದೆ ಹೊಸ ಚೀಟಿ, ಕೈಯಲ್ಲಿ ತೆರೆದ ಪೆನ್ನು.

"ಏನಂದ್ರಪ್ಪ ಎನೆ?"

ಎರ್ಮೆಕ್ ಗೋಡೆಯ ಹಾಸನ್ನು ನೋಡಿದ, ನೆಲದ ಹಾಸನ್ನು ನೋಡಿದ.

"ಎರಡನ್ನೂ ಇಬ್ಬರೂ ಮಾಡಿದ್ದಂತೆ," ಅಂದ. "ಉಣ್ಣೆನೂ ಇಬ್ಬರದು. ಕೊಯ್ದಿದ್ದೂ ಇಬ್ಬರೇ."

ಗುಲ್ಸಾರಾ ತಲೆವಸ್ತ್ರದ ತುದಿಯಿಂದ ಮೂಗೊರೆಸಿಕೊಂಡಳು. ಸಪರ್ಬೆಕ್ ಬಗ್ಗಿ, ಶಾಲೆಯ ಹುಡುಗನಂತೆ ನಾಲಿಗೆ ಕಚ್ಚಿಕೊಂಡು, ದಪ್ಪ ಅಕ್ಷರಗಳಲ್ಲಿ ಬರೆದ: ಕಲಿಪಾ, ಝೂರಾ. ಒಂದರ ಪಕ್ಕ ಒಂದು. ಶಾಯಿ ಆರಲೆಂದು ಊದಿದ. ತಾನೇ ಹೋಗಿ ಹಳೆಯ ಚೀಟಿ ತೆಗೆದು ಹೊಸದನ್ನು ಸಿಕ್ಕಿಸಿದ. ಎಷ್ಟೋ ವರ್ಷದಿಂದ ಎರ್ಮೆಕ್ ಕನಸು ಕಂಡಿದ್ದ ಗಳಿಗೆ ಅದು. ಕನಸಿನಲ್ಲಿ ಅವನು ಗಟ್ಟಿಯಾಗಿ ನಗುತ್ತಿದ್ದ. ಈಗ ಮುಖದ ಯಾವ ನರವನ್ನು ಎಳೆದರೆ ನಗು ಬರುತ್ತದೆ ಅನ್ನುವುದೇ ಮರೆತುಹೋಗಿತ್ತು.

"ನಿನ್ನೆ ಕತ್ತೆ ಅಂದೆ," ಅಂದ ಸಪರ್ಬೆಕ್, ಬೆನ್ನು ತಿರುಗಿಸಿಕೊಂಡೇ. "ಎಲ್ಲರ ಮುಂದೆ ಅಂದಿದ್ದು, ಎಲ್ಲರ ಮುಂದೆನೇ ಹೇಳ್ತೀನಿ, ತಪ್ಪಾಯ್ತು."

ಎರ್ಮೆಕ್ ಬಗ್ಗಿ ಹಾಸು ಸುತ್ತತೊಡಗಿದ. ಕೊಂಬುಗಳು ಒಂದೊಂದಾಗಿ ಸುರುಳಿಯೊಳಗೆ ಹೋದವು, ಮೂರನೆಯದೂ ಹೋಯಿತು. ಹಗ್ಗ ಬಿಗಿದು ಹೆಗಲಿಗೆ ಎತ್ತಿಕೊಂಡ.

"ಒಂದು ಕೇಳ್ತೀನಿ ಎರ್ಮೆಕ್." ಸಪರ್ಬೆಕ್ ಈಗ ತಿರುಗಿದ್ದ. ಅವನ ದನಿಯಲ್ಲಿ ಚುಚ್ಚು ಇರಲಿಲ್ಲ. ನಿಜವಾಗಿಯೂ ತಿಳಿಯದವನು ಕೇಳುವ ಹಾಗೆ ಕೇಳಿದ. "ಆವತ್ತು ನನ್ನ ಮಗ ಇಲ್ಲೇ ನಿಂತ್ಕೊಂಡು, ಇದು ನಮ್ಮಜ್ಜಿದು ಅಂದ, ನೀನು ಅವನ ಹಲ್ಲು ಮುರಿದೆ. ಸುಳ್ಳು ಹೇಳಿದ್ನಾ ಅವನು?"

ಗುಲ್ಸಾರಾ, ಮಹಾಬತ್, ಧೂಳಿನ ಬಟ್ಟೆ ಹಿಡಿದ ಇಬ್ಬರು ಹೆಂಗಸರು, ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಎರ್ಮೆಕ್ ಹೆಗಲ ಮೇಲಿನ ಹಾಸನ್ನು ಸರಿಮಾಡಿಕೊಂಡ. ಬಾಗಿಲ ಕಡೆಗೆ ನಡೆದ, ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದ, ಹಿಂದಿರುಗಿ ನೋಡದೆ ಸೇತುವೆಯ ದಾರಿ ಹಿಡಿದ.